ನರವನ್ನು ಒತ್ತುತ್ತಿರುವುದು ಏನು? ಮಧುಗಿರಿ ಸೀಮೆಯ ಕತ್ತು, ಸೊಂಟದ ನೋವು

ಬೆನ್ನುಮೂಳೆಯ ಒಳನಾಳದಲ್ಲಿ ಬೆನ್ನುಹುರಿ ಇಳಿದು ಬರುತ್ತದೆ. ಅದರಿಂದ ಹೊರಡುವ 31 ಜೊತೆ ನರಗಳು ಮಣಿಗಳ ನಡುವೆ ಎಡಬಲಕ್ಕಿರುವ ಸಣ್ಣ ಕಿಂಡಿಗಳನ್ನು ದಾಟಿ ಕೈ, ಎದೆ, ಕಾಲುಗಳಿಗೆ ಹೋಗುತ್ತವೆ. ಕತ್ತಿನಲ್ಲಿ 7 ಮಣಿ, ಬೆನ್ನಿನಲ್ಲಿ 12, ಸೊಂಟದಲ್ಲಿ 5. ಹುರಿ ಮಾತ್ರ ಸೊಂಟದ ಕೊನೆಯವರೆಗೆ ಬರುವುದಿಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಗೊಂಚಲು. ಹಾಗಾಗಿ ಕತ್ತಿನಲ್ಲಿ ಒತ್ತಡ ಬಿದ್ದರೆ ನರದ ಜೊತೆಗೆ ಹುರಿಗೂ ಕುತ್ತು, ಸೊಂಟದ ಕೆಳಭಾಗದಲ್ಲಿ ಬಿದ್ದರೆ ನರಗಳಿಗಷ್ಟೇ. ಕತ್ತಿನ ನರ ಕೆಟ್ಟರೆ ಒಂದು ಕೈ ಸೋಲಬಹುದು, ಹುರಿ ಕೆಟ್ಟರೆ ನಾಲ್ಕೂ ಅಂಗ ಸೋಲುತ್ತವೆ.

ನರ ಒತ್ತಿಕೊಂಡಾಗ ಆಗುವ ನೋವಿಗೆ ಒತ್ತಡವೊಂದೇ ಕಾರಣವಲ್ಲ. ಆರೋಗ್ಯವಂತ ನರವನ್ನು ಸುಮ್ಮನೆ ಒತ್ತಿದರೆ ಜೋಮು ಹಿಡಿಯುತ್ತದೆ, ಮರಗಟ್ಟುತ್ತದೆ, ಬಲ ಕುಗ್ಗುತ್ತದೆ. ಅದಾಗಲೇ ಊತ, ಉರಿಯೂತಕ್ಕೆ ಒಳಗಾದ ನರದ ಬುಡವನ್ನು ಒತ್ತಿದಾಗ ಮಾತ್ರ ಚಳುಕು ಹೊಡೆಯುವ ನೋವು ಬರುತ್ತದೆ. ಉರಿಯೂತ ಇಳಿದಾಗ, ಒತ್ತಡ ಇನ್ನೂ ಇದ್ದರೂ, ನೋವು ಅಡಗುವುದು ಇದರಿಂದಲೇ. ಒತ್ತಡ ಏರುತ್ತಲೇ ಇದ್ದು ನೋವೇ ಇಲ್ಲದೆ ಕಾಲು ಸೋಲುವುದೂ ಉಂಟು. ನೋವಿನ ಅಬ್ಬರ ನೋಡಿ ಕಾಯಿಲೆಯ ತೂಕ ಅಳೆಯುವ ವಾಡಿಕೆ ಎಲ್ಲ ಕಡೆಯೂ ಇದೆ. ಈ ಕಾಯಿಲೆಯಲ್ಲಿ ಅದು ದಾರಿ ತಪ್ಪಿಸುತ್ತದೆ. ಅಳೆಯಬೇಕಾದುದು ಬಲವನ್ನು.

ಯಾವ ನರ ಎಂಬುದನ್ನು ಮಾತ್ರ ನೋವಿನ ಜಾಡು ಚೆನ್ನಾಗಿ ಹೇಳುತ್ತದೆ. ಕತ್ತಿನ ಆರನೆಯ ನರವಾದರೆ ನೋವು, ಜೋಮು ಹೆಬ್ಬೆರಳಿಗೆ ಇಳಿಯುತ್ತದೆ. ಏಳನೆಯದಾದರೆ ನಡುಬೆರಳಿಗೆ, ಎಂಟನೆಯದಾದರೆ ಕಿರುಬೆರಳಿಗೆ. ನೋವಿರುವ ಕೈಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರೆ ಹಾಯೆನಿಸುವುದು ಕತ್ತಿನ ನರದ ನೋವಿನ ಒಳ್ಳೆಯ ಗುರುತು. ಸೊಂಟದಲ್ಲಿ ನಾಲ್ಕನೆಯ ನರ ತೊಡೆಯ ಮುಂಭಾಗ ಮತ್ತು ಮಂಡಿಗೆ, ಐದನೆಯದು ಕಾಲಿನ ಹೊರಮಗ್ಗುಲಿನಿಂದ ಹೆಬ್ಬೆಟ್ಟಿಗೆ, ಅದರ ಕೆಳಗಿನದು ಮೀನಖಂಡದ ಹಿಂದಿನಿಂದ ಪಾದದ ಹೊರ ಅಂಚಿಗೆ ಹೋಗುತ್ತದೆ. ಐದನೆಯ ನರ ಸೋತವರಿಗೆ ಹಿಮ್ಮಡಿಯ ಮೇಲೆ ನಡೆಯಲಾಗದು, ಅದರ ಕೆಳಗಿನದು ಸೋತವರಿಗೆ ತುದಿಗಾಲಿನ ಮೇಲೆ ನಡೆಯಲಾಗದು. ಮಲಗಿಸಿ, ಮಂಡಿ ಮಡಿಸದೆ ಕಾಲನ್ನು ಮೇಲೆತ್ತಿದಾಗ ಮಂಡಿಯ ಕೆಳಗಿನವರೆಗೆ ಚಳುಕು ಬರುತ್ತದೆಯೇ ಎಂದು ನೋಡುವ ಪರೀಕ್ಷೆ 1881ರಷ್ಟು ಹಳೆಯದು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಐದು ನಿಮಿಷ ಸಿಕ್ಕರೆ ಇಷ್ಟೂ ತಿಳಿಯುತ್ತದೆ. ಐದು ನಿಮಿಷ ಸಿಗುವುದೇ ಕಷ್ಟ ಎಂಬುದು ಬೇರೆ ಮಾತು.

ಯಾವ ನರ ಎಂದು ತಿಳಿದ ಮೇಲೆ ಉಳಿಯುವ ಪ್ರಶ್ನೆ, ಅದನ್ನು ಒತ್ತುತ್ತಿರುವುದು ಏನು ಎಂಬುದು. ಚಿಕಿತ್ಸೆ ನಿಂತಿರುವುದು ಇದರ ಉತ್ತರದ ಮೇಲೆ. ಒತ್ತುವ ವಸ್ತು ಮೆತ್ತಗಿದ್ದರೆ ಕಾಲಕ್ರಮದಲ್ಲಿ ಕರಗಬಹುದು. ಮೂಳೆಯಾಗಿದ್ದರೆ ಕರಗದು. ಕೀವಾಗಿದ್ದರೆ ಅದಕ್ಕೆ ತಕ್ಕ ಔಷಧ ಬೇಕು. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ಮೂರೂ ಇವೆ. ನಗರದ ವೈದ್ಯರಿಗಾಗಿ ಬರೆದ ಪುಸ್ತಕಗಳು ಮೊದಲನೆಯದನ್ನೇ ವಿಸ್ತಾರವಾಗಿ ಹೇಳಿ ಉಳಿದೆರಡನ್ನು ಅಡಿಟಿಪ್ಪಣಿಗೆ ತಳ್ಳುವುದರಿಂದ, ಈ ಸೀಮೆಯ ರೋಗಿಗೆ ಆ ಪುಸ್ತಕ ಅರ್ಧದಷ್ಟೇ ಹೊಂದುತ್ತದೆ.

ಮೊದಲು ಮೆತ್ತನೆಯದು. ಮಣಿಗಳ ನಡುವಿನ ಡಿಸ್ಕಿಗೆ ಗಟ್ಟಿನಾರಿನ ಹೊರಬಳೆ, ಲೋಳೆಯಂಥ ಒಳತಿರುಳು. ಬಳೆ ಬಿರಿದು ತಿರುಳು ಹಿಂದಕ್ಕೆ ಹೊರಬಂದರೆ ಅಲ್ಲೇ ಹಾದುಹೋಗುವ ನರದ ಬುಡಕ್ಕೆ ತಾಗುತ್ತದೆ. ಕಾಲಿನ ನೋವಿಗೆ ಡಿಸ್ಕ್ ಕಾರಣವಾಗಬಲ್ಲದೆಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಆಯುರ್ವೇದ ಗೃಧ್ರಸಿ ಎಂದು ಕರೆದ ನೋವು ಬಹುಪಾಲು ಇದೇ. ಸೊಂಟದಲ್ಲಿ ಜಾರುವ ಡಿಸ್ಕುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕೊನೆಯ ಎರಡು ಹಂತಗಳಲ್ಲೇ ಇರುತ್ತವೆ. ಹೊರಬಂದ ತಿರುಳನ್ನು ದೇಹ ಹೊರಗಿನ ವಸ್ತುವೆಂದು ಬಗೆದು ಮೆಲ್ಲಗೆ ಕರಗಿಸುತ್ತದೆ. ತುಣುಕು ದೊಡ್ಡದಿದ್ದಷ್ಟೂ ಕರಗುವ ಸಂಭವ ಹೆಚ್ಚು ಎಂಬುದು ವಿಚಿತ್ರವಾದರೂ ನಿಜ. ಆರರಿಂದ ಹನ್ನೆರಡು ವಾರಗಳಲ್ಲಿ ಹೆಚ್ಚಿನವರ ನೋವು ಇಳಿಯುವುದು ಹೀಗೆ. ಆ ಅವಧಿಯಲ್ಲಿ ಯಾರು ಏನು ಕೊಟ್ಟಿದ್ದರೂ ಗುಣವಾದ ಕೀರ್ತಿ ಅವರಿಗೇ ಸಲ್ಲುತ್ತದೆ, ಅವರು ಸೂಜಿ ಚುಚ್ಚಿದವರಾಗಿರಲಿ, ಉಳುಕು ತೆಗೆದವರಾಗಿರಲಿ, ಸಿದ್ಧರಬೆಟ್ಟದ ನಾರುಬೇರು ಅರೆದು ಹಚ್ಚಿದವರಾಗಿರಲಿ.

ಎಂಆರ್‌ಐ ಚಿತ್ರ ಈ ವಿಷಯದಲ್ಲಿ ಬೆಳಕು ಕೊಟ್ಟಷ್ಟೇ ಗೊಂದಲವನ್ನೂ ತಂದಿದೆ. ನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದ 2015ರ ಒಂದು ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ಹರೆಯದವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇ. 96ರಷ್ಟು ಮಂದಿಗೆ. ಡಿಸ್ಕ್ ಉಬ್ಬಿದವರು ಇಪ್ಪತ್ತರಲ್ಲಿ ಶೇ. 30, ಎಂಬತ್ತರಲ್ಲಿ ಶೇ. 84. ತುಮಕೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬಂದವರು ‘ಮೂರು ಕಡೆ ಗ್ಯಾಪ್ ಬಂದಿದೆಯಂತೆ’ ಎಂದು ಹೆದರಿ ಕೂರುವುದಕ್ಕೆ ಮುಂಚೆ ಕೇಳಬೇಕಾದದ್ದು, ಆ ಮೂರರಲ್ಲಿ ನೋವಿನ ಜಾಡಿಗೆ ಹೊಂದುವುದು ಯಾವುದು ಎಂದು. ಯಾವುದೂ ಹೊಂದದಿದ್ದರೆ ಆ ಚಿತ್ರ ಹೇಳುತ್ತಿರುವುದು ವಯಸ್ಸನ್ನು, ಕಾಯಿಲೆಯನ್ನಲ್ಲ.

ವಯಸ್ಸಾದಂತೆ ಮಣಿಗಳ ಅಂಚಿನಲ್ಲಿ ಮೂಳೆ ಮೊಳೆಯುತ್ತದೆ, ನಾರುಗಳು ದಪ್ಪವಾಗುತ್ತವೆ, ನಾಳ ಕಿರಿದಾಗುತ್ತದೆ. ಇಂಥವರು ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ನಿಲ್ಲಬೇಕಾಗುತ್ತದೆ. ಕುಳಿತರೆ, ಬಗ್ಗಿದರೆ ಸರಿಹೋಗುತ್ತದೆ. ಬಗ್ಗಿದಾಗ ನಾಳ ಕೊಂಚ ಅಗಲವಾಗುವುದೇ ಕಾರಣ. ಮಧುಗಿರಿ ಬೆಟ್ಟವನ್ನು ಮುಂದಕ್ಕೆ ಬಾಗಿ ಹತ್ತುವಾಗ ತೊಂದರೆ ಕಾಣದೆ, ನೆಟ್ಟಗೆ ಇಳಿಯುವಾಗ ಕಾಲು ಹಿಡಿದುಕೊಳ್ಳುವ ಹಿರಿಯರು ಈ ಗುಂಪಿಗೆ ಸೇರಿದವರು. ರಕ್ತನಾಳ ಕಟ್ಟಿಕೊಂಡವರಿಗೆ ಇದಕ್ಕೆ ವಿರುದ್ಧ, ಅವರಿಗೆ ಏರೇ ಕಷ್ಟ.

ಇದು ಎಲ್ಲ ಊರಿನ ಕಥೆ. ಪಾವಗಡದ, ಮಧುಗಿರಿ ಮತ್ತು ಶಿರಾ ತಾಲ್ಲೂಕುಗಳ ಹಲವು ಹಳ್ಳಿಗಳ ಕಥೆ ನೀರಿನಿಂದ ಶುರುವಾಗುತ್ತದೆ. ಇಲ್ಲಿಯ ನೆಲದಡಿ ಇರುವುದು ಗ್ರಾನೈಟು ಮತ್ತು ನೈಸ್ ಬಂಡೆ. ಅದರೊಳಗಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ; ಕೊಳವೆಬಾವಿಗಳು ನೂರಾರು ಅಡಿ ಇಳಿದಂತೆ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಲ್ಲಿ 1.5ರವರೆಗೆ ಸಹಿಸಬಹುದು. ಪಾವಗಡದಲ್ಲಿ ಆ ಮಿತಿ ದಾಟಿದ ಕೊಳವೆಬಾವಿಗಳು ಹೇರಳ. ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುವುದರಿಂದ, ಅಂಕಿಯಲ್ಲಿ ಸಣ್ಣದಾಗಿ ಕಾಣುವ ಹೆಚ್ಚಳವೂ ಮೈಯಲ್ಲಿ ದೊಡ್ಡದಾಗುತ್ತದೆ.

ದೇಹಕ್ಕೆ ಸೇರಿದ ಫ್ಲೋರೈಡಿನಲ್ಲಿ ದೊಡ್ಡವರಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ, ಉಳಿದದ್ದು ಮೂಳೆ ಸೇರುತ್ತದೆ. ಮಕ್ಕಳಲ್ಲಿ ಅದು ಮೊದಲು ಕಾಣಿಸುವುದು ಶಾಶ್ವತ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆಗಳಾಗಿ. ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷದ ನೀರು ಹಲ್ಲಿನಲ್ಲೇ ದಾಖಲಾಗಿರುತ್ತದೆ. ಸೊಂಟ ನೋವೆಂದು ಬಂದವರ ಬಾಯಿ ತೆರೆಸಿ ನೋಡುವುದು ಬೇರೆ ಊರಿನಲ್ಲಿ ವಿಚಿತ್ರವಾಗಿ ಕಂಡೀತು. ಪಾವಗಡದಲ್ಲಿ ಅದು ಮೊದಲ ಪರೀಕ್ಷೆಗಳಲ್ಲಿ ಒಂದಾಗಬೇಕು. ಮೂಳೆಯ ಮೇಲಿನ ಪರಿಣಾಮಕ್ಕೆ ಸಾಮಾನ್ಯವಾಗಿ ಹತ್ತಕ್ಕೂ ಹೆಚ್ಚು ವರ್ಷ ಬೇಕು. ಮೂಳೆ ಗಟ್ಟಿಯಾಗಿ ತೂಕ ಏರುತ್ತದೆ, ಅಂಚುಗಳಲ್ಲಿ ಮುಳ್ಳು ಬೆಳೆಯುತ್ತದೆ, ಮಣಿಗಳನ್ನು ಬಿಗಿದು ಹಿಡಿದ ಕಟ್ಟುನಾರುಗಳು ಸುಣ್ಣಗಟ್ಟಿ ತಾವೇ ಮೂಳೆಯಾಗುತ್ತವೆ. ಹುರಿಯ ನಾಳ ಹಿಂದಿನಿಂದಲೂ ಮುಂದಿನಿಂದಲೂ ಕಿರಿದಾಗುತ್ತದೆ, ನರ ಹೊರಡುವ ಕಿಂಡಿಗಳೂ ಮುಚ್ಚಿಕೊಳ್ಳುತ್ತವೆ.

ಫ್ಲೋರೋಸಿಸ್ ಎಂದು ಕರೆಯುವ ಈ ಕಾಯಿಲೆಯನ್ನು ಭಾರತದಲ್ಲಿ ಮೊದಲು ವಿವರವಾಗಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ನೋಡಿದ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ. ಮುಂದೆ ಪಟಿಯಾಲದಲ್ಲಿ ಸಿಂಗ್ ಮತ್ತು ಜಾಲಿ, ಹೈದರಾಬಾದಿನಲ್ಲಿ ನಲ್ಗೊಂಡದ ರೋಗಿಗಳ ನಡುವೆ ಡಿ. ರಾಜಾ ರೆಡ್ಡಿ, ನರಗಳ ಮೇಲಿನ ಹಾನಿಯನ್ನು ಅಭ್ಯಾಸ ಮಾಡಿದರು. ಮೂಳೆಯ ಫ್ಲೋರೋಸಿಸ್ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ನರ ಅಥವಾ ಹುರಿಯ ತೊಂದರೆ ಬರುತ್ತದೆ ಎಂಬುದು ಈ ಅಭ್ಯಾಸಗಳಿಂದ ತಿಳಿದ ಮಾತು. ಹೆಚ್ಚು ಪೆಟ್ಟು ಬೀಳುವುದು ಕತ್ತಿನ ಭಾಗಕ್ಕೆ.

ಗುರುತು ಹಿಡಿಯಲು ಮೂರು ಸರಳ ಪರೀಕ್ಷೆಗಳು ಬಳಕೆಯಲ್ಲಿವೆ. ಮಂಡಿ ಮಡಿಸದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತಲು ಹೇಳುವುದು, ಗದ್ದವನ್ನು ಎದೆಗೆ ತಾಗಿಸಲು ಹೇಳುವುದು, ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯಲು ಹೇಳುವುದು. ಮುಂಗೈಯ ಎಕ್ಸ್‌-ರೇ ತೆಗೆದಾಗ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡರೆ ಸಂದೇಹ ಬಹುಮಟ್ಟಿಗೆ ತೀರುತ್ತದೆ. ಬೆನ್ನು ನೋವಿಗೆ ಮುಂಗೈ ಎಕ್ಸ್‌-ರೇ ಬರೆದುಕೊಟ್ಟ ವೈದ್ಯರ ಬಗ್ಗೆ ರೋಗಿಯ ಮನೆಯವರು ಗೊಣಗಬಾರದು; ಅವರು ಸರಿಯಾದುದನ್ನೇ ಹುಡುಕುತ್ತಿದ್ದಾರೆ.

ಹುರಿಗೆ ಒತ್ತಡ ಬಿದ್ದುದರ ಲಕ್ಷಣ ನೋವಿಗಿಂತ ಮೊದಲು ಕೆಲಸದಲ್ಲಿ ಕಾಣುತ್ತದೆ. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಹೂವು ಕಟ್ಟುವ ಬೆರಳು ಹಿಂದಿನ ವೇಗ ಕಳೆದುಕೊಳ್ಳುವುದು, ಕತ್ತಲಲ್ಲಿ ತೂರಾಡುವುದು, ಕಾಲಿನಿಂದ ಚಪ್ಪಲಿ ಜಾರಿದ್ದು ಗೊತ್ತೇ ಆಗದಿರುವುದು. ಚಪ್ಪಲಿಯ ಈ ದೂರನ್ನು ರೋಗಿ ತಾನಾಗಿ ಹೇಳುವುದಿಲ್ಲ, ಕೇಳಿದರೆ ಹೌದೆನ್ನುತ್ತಾರೆ. ಹತ್ತು ಸೆಕೆಂಡಿನಲ್ಲಿ ಮುಷ್ಟಿ ಬಿಗಿದು ಬಿಚ್ಚುವುದು ಇಪ್ಪತ್ತು ಬಾರಿ ಆಗದಿದ್ದರೆ ಕತ್ತಿನ ಎಂಆರ್‌ಐ ಬೇಕು. ಇಂಥವರ ಕತ್ತನ್ನು ತಿರುಚಿ ‘ಲಟ್’ ಎನ್ನಿಸುವುದು ಅಪಾಯ. ಗಟ್ಟಿಯಾದ, ಕಿರಿದಾದ ನಾಳದಲ್ಲಿ ಸಣ್ಣ ಎಳೆತ, ಸಣ್ಣ ಬೀಳುವಿಕೆಯೂ ಕೈಕಾಲು ಬಿದ್ದುಹೋಗಲು ಸಾಕಾಗಬಹುದು. ಎಣ್ಣೆ ಹಚ್ಚಿ ಶಾಖ ಕೊಟ್ಟರೆ ಸ್ನಾಯು ಸಡಿಲವಾಗಿ ಹಿತವೆನಿಸುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಮರಗಟ್ಟಿದ ಚರ್ಮ ಸುಟ್ಟರೂ ತಿಳಿಯದು ಎಂಬ ಎಚ್ಚರವಿದ್ದರಾಯಿತು. ತಿರುಚುವುದು ಮಾತ್ರ ಬೇಡ.

ಇನ್ನು ಕೀವು. ಬೆನ್ನುಮೂಳೆಯ ಕ್ಷಯವನ್ನು ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದರು. ಮಣಿಯ ಮುಂಭಾಗ ಕೊರೆದು ಕುಸಿಯುತ್ತದೆ, ಬೆನ್ನು ಗೂನಾಗುತ್ತದೆ, ಕೀವು ಹುರಿಯನ್ನು ಒತ್ತುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಡಿಸ್ಕಿನ ಯೋಚನೆ ಬಿಟ್ಟು ಇದನ್ನು ಹುಡುಕಬೇಕು. ಶ್ವಾಸಕೋಶದ ಕ್ಷಯಕ್ಕೆ ಆರು ತಿಂಗಳ ಔಷಧವಾದರೆ ಬೆನ್ನುಮೂಳೆಗೆ ಹನ್ನೆರಡು, ಅಗತ್ಯಬಿದ್ದರೆ ಹದಿನೆಂಟು ತಿಂಗಳು. ಸರ್ಕಾರದ ಕಾರ್ಯಕ್ರಮದಲ್ಲಿ ಔಷಧ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಸಹಾಯಧನವೂ ಇದೆ. ಕಾಲಿನ ಬಲ ಕುಗ್ಗಿದ್ದವರಲ್ಲೂ ಹಲವರು ಶಸ್ತ್ರಚಿಕಿತ್ಸೆ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರ ಕ್ಷಯ ಮತ್ತು ಕುಷ್ಠ ರೋಗಿಗಳ ನಡುವೆ ದಶಕಗಳಿಂದ ಕೆಲಸ ಮಾಡುತ್ತ ಬಂದಿದೆ.

ಕುರಿ ಸಾಕಣೆಯ ಈ ಸೀಮೆಯಲ್ಲಿ ಮರೆಯಬಾರದ ಇನ್ನೊಂದು ಸೋಂಕು ಬ್ರುಸೆಲೋಸಿಸ್. ಕುರಿ, ಮೇಕೆ ಕಂದು ಹಾಕಿದಾಗ ಮಾಸನ್ನು ಬರಿಗೈಯಲ್ಲಿ ಎತ್ತುವವರಿಗೆ, ಈಯಿಸುವವರಿಗೆ, ಹಸಿ ಹಾಲು ಕುಡಿಯುವವರಿಗೆ ಇದು ತಗಲುತ್ತದೆ. ಬಂದು ಹೋಗುವ ಜ್ವರ, ರಾತ್ರಿ ಬೆವರು, ಕೀಲು ನೋವು, ಕೊನೆಗೆ ಸೊಂಟದ ಮಣಿಗಳಲ್ಲಿ ಉರಿಯೂತ. ನೋಡಲು ಕ್ಷಯದಂತೆಯೇ ಇರುತ್ತದೆ. ರಿಫಾಂಪಿಸಿನ್ ಎರಡಕ್ಕೂ ಬಳಸುವ ಔಷಧವಾದ್ದರಿಂದ ಕ್ಷಯವೆಂದು ಮದ್ದು ಕೊಟ್ಟಾಗ ಅರೆಬರೆ ಗುಣ ಕಾಣಿಸಿ ದಾರಿ ತಪ್ಪಬಹುದು. ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು, ಬೆನ್ನುಮೂಳೆಗೆ ತಗಲಿದ್ದರೆ ಡಾಕ್ಸಿಸೈಕ್ಲಿನ್ ಜೊತೆ ಮತ್ತೊಂದು ಔಷಧ ಸೇರಿಸಿ ಮೂರು ತಿಂಗಳಾದರೂ ಕೊಡಬೇಕು. ಕುರಿಗಾಹಿಯ ಬೆನ್ನು ನೋವಿಗೆ ಚೀಟಿ ಬರೆಯುವ ಮುಂಚೆ ಮಂದೆಯಲ್ಲಿ ಈ ವರ್ಷ ಎಷ್ಟು ಕಂದು ಹಾಕಿದವು ಎಂದು ಕೇಳುವುದು ವೈದ್ಯಕೀಯ ಪ್ರಶ್ನೆಯೇ.

ಬೆನ್ನಿನಲ್ಲಿ ಏನೂ ಒತ್ತಿಕೊಳ್ಳದೆ ಅಂಥದೇ ದೂರು ಬರುವುದೂ ಇದೆ. ಎರಡೂ ಪಾದ ಸಮನಾಗಿ ಉರಿಯುವುದು ಹೆಚ್ಚಾಗಿ ಸಕ್ಕರೆ ಕಾಯಿಲೆಯಿಂದ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಹೆಂಗಸರಿಗೆ ರಾತ್ರಿ ಹೆಬ್ಬೆರಳಿನ ಕಡೆಯ ಮೂರು ಬೆರಳು ಜೋಮು ಹಿಡಿದು, ಕೈ ಒದರಿದರೆ ಸರಿಹೋಗುವುದಾದರೆ ನರ ಒತ್ತಿಕೊಂಡಿರುವುದು ಮಣಿಕಟ್ಟಿನಲ್ಲಿ. ಸ್ಪರ್ಶವಿಲ್ಲದ ಮಚ್ಚೆಯ ಜೊತೆ ಪಾದ ಜೋತುಬಿದ್ದರೆ ಕುಷ್ಠವನ್ನು ನೆನೆಯಬೇಕು.

ಚಿಕಿತ್ಸೆ ಡಿಸ್ಕಿನ ನೋವಿಗೆ ಬಹುಪಾಲು ತಾಳ್ಮೆಯದು. ಹಾಸಿಗೆ ಹಿಡಿಸುವ ಹಳೆಯ ಪದ್ಧತಿಯನ್ನು ನೆದರ್ಲೆಂಡ್ಸಿನಲ್ಲಿ 183 ರೋಗಿಗಳ ಮೇಲೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು: ಎರಡು ವಾರ ಮಲಗಿದವರೂ ಓಡಾಡಿಕೊಂಡಿದ್ದವರೂ ಹನ್ನೆರಡು ವಾರಕ್ಕೆ ಸಮನಾಗಿ, ಶೇ. 87ರಷ್ಟು ಮಂದಿ, ಸುಧಾರಿಸಿದ್ದರು. ತೀರಾ ನೋವಿದ್ದಾಗ ಒಂದೆರಡು ದಿನ ಮಲಗಿ, ಆಮೇಲೆ ಸಹಿಸುವಷ್ಟು ನಡೆದಾಡುವುದೇ ಸರಿ. ಭಾರ ಎತ್ತುವುದು, ಬಗ್ಗಿ ಶೇಂಗಾ ಕೀಳುವುದು ಕೆಲವು ವಾರ ನಿಲ್ಲಲಿ. ಕತ್ತಿನ ಪಟ್ಟಿ, ಸೊಂಟದ ಬೆಲ್ಟು ಕೆಲವು ದಿನಕ್ಕೆ ಸಾಕು, ತಿಂಗಳುಗಟ್ಟಲೆ ಕಟ್ಟಿದರೆ ಸ್ನಾಯು ಸೊರಗುತ್ತದೆ. ಫಿಸಿಯೋಥೆರಪಿಯ ವ್ಯಾಯಾಮ ನೋವು ಇಳಿಮುಖವಾದ ಮೇಲೆ ಹೆಚ್ಚು ಫಲ ಕೊಡುತ್ತದೆ.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು ಖಡಾಖಂಡಿತವಾಗಿ ಹೇಳಬಹುದು. ‘ನರದ ಮಾತ್ರೆ’ ಎಂದು ಧಾರಾಳವಾಗಿ ಮಾರಾಟವಾಗುವ ಪ್ರಿಗಾಬಾಲಿನ್, ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೆ ಸುಳ್ಳುಮಾತ್ರೆಗಿಂತ ಹೆಚ್ಚೇನೂ ಮಾಡದೆ ತಲೆಸುತ್ತು ಮಾತ್ರ ಹೆಚ್ಚಿಸಿತೆಂದು 2017ರ ಪ್ರಯೋಗ ತೋರಿಸಿತು. ಅದರೊಂದಿಗೆ ಬರುವ ಬಿ12, ಅದರ ಕೊರತೆ ಇದ್ದವರಿಗೆ ಉಪಯುಕ್ತ, ಒತ್ತಿಕೊಂಡ ನರವನ್ನು ಬಿಡಿಸದು. ಎರಡನೆಯದು ಡೈಕ್ಲೋಫಿನಾಕ್‌ನಂಥ ನೋವುನಿವಾರಕಗಳು. ಅಲ್ಪಕಾಲಕ್ಕೆ ಅವು ಬೇಕು, ಆದರೆ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡ ಕೆಡುತ್ತದೆ. ಫ್ಲೋರೈಡನ್ನು ಹೊರಹಾಕುವುದೂ ಮೂತ್ರಪಿಂಡವೇ. ಅದು ಸೋತಷ್ಟೂ ಮೂಳೆಗೆ ಸೇರುವ ಪಾಲು ಹೆಚ್ಚುತ್ತದೆ. ಹೀಗಾಗಿ ಪಾವಗಡದ ರೋಗಿಗೆ ನೋವಿನ ಮಾತ್ರೆಯ ಬೆಲೆ ಬೇರೆಯವರಿಗಿಂತ ದುಬಾರಿ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಉಪಕಾರ ಕೆಲವು ವಾರಗಳದ್ದು.

ಫ್ಲೋರೋಸಿಸ್‌ಗೆ ಮೂಳೆಯನ್ನು ಹಿಂದಿನಂತೆ ಮಾಡುವ ಔಷಧವಿಲ್ಲ. ಮಾಡಬಹುದಾದದ್ದು ನೀರು ಬದಲಿಸುವುದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದು ಕುಡಿಯುವ ಮನೆಗಳಲ್ಲೂ ಅಡುಗೆಗೆ ಕೊಳವೆಬಾವಿ ನೀರನ್ನೇ ಬಳಸುವುದು ಸಾಮಾನ್ಯ. ಮುದ್ದೆಗೆ, ಸಾರಿಗೆ ಹೀರಿಕೊಂಡ ನೀರೂ ಹೊಟ್ಟೆಗೇ ಸೇರುತ್ತದೆ. ಪಟಿಕ ಮತ್ತು ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಮಳೆನೀರಿನ ಕೊಯ್ಲು ಅದಕ್ಕಿಂತ ಸುಲಭ, ಮಳೆ ಬಂದರೆ. ಪಾವಗಡಕ್ಕೆ ನಿಜವಾದ ಪರಿಹಾರ ತುಂಗಭದ್ರಾ ಹಿನ್ನೀರಿನಿಂದ ನದಿ ನೀರು ತರುವ ಬಹುಗ್ರಾಮ ಯೋಜನೆಯಂಥದೇ. ಕೊಳವೆಬಾವಿಯನ್ನು ಇನ್ನಷ್ಟು ಆಳಕ್ಕೆ ಇಳಿಸುವುದಲ್ಲ. ಆಹಾರದಲ್ಲಿ ಕ್ಯಾಲ್ಸಿಯಂ ಇದ್ದರೆ ಕರುಳು ಫ್ಲೋರೈಡನ್ನು ಕಡಿಮೆ ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ರಾಗಿ ಬಿಟ್ಟು ಬರೀ ಅನ್ನಕ್ಕೆ ತಿರುಗಿದ ಮನೆಗಳು ಈ ರಕ್ಷಣೆಯನ್ನು ಕಳೆದುಕೊಂಡಿವೆ.

ಶಸ್ತ್ರಚಿಕಿತ್ಸೆ ಯಾರಿಗೆ, ಯಾವಾಗ? ಆರು ವಾರ ಕಳೆದರೂ ಸಹಿಸಲಾಗದ ಕಾಲುನೋವು ಇದ್ದು ಸ್ಕ್ಯಾನ್ ಅದಕ್ಕೆ ಹೊಂದಿದರೆ ಜಾರಿದ ತುಣುಕನ್ನು ತೆಗೆಸಬಹುದು. 2007ರ ಇನ್ನೊಂದು ಡಚ್ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ವರ್ಷ ತುಂಬುವಾಗ ಕಾದವರೂ ಅವರ ಸಮಕ್ಕೆ ಬಂದಿದ್ದರು, ಕಾದವರಲ್ಲಿ ಶೇ. 39ರಷ್ಟು ಮಂದಿ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು ಎನ್ನುವುದೂ ನಿಜ. ಆಯ್ಕೆ ರೋಗಿಯದು. ಹುರಿ ಒತ್ತಿಕೊಂಡು ಬಲ ಇಳಿಯುತ್ತಿದ್ದರೆ ಆಯ್ಕೆಗೆ ಅಷ್ಟು ಜಾಗವಿಲ್ಲ. ಬೆನ್ನಿನ ಆಪರೇಷನ್ ಮಾಡಿಸಿದರೆ ಕಾಲು ಹೋಗುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಬೇರೂರಿದೆ. ಅದಕ್ಕೆ ಒಂದು ಕಾರಣ, ಕಾಲು ಬಹುಮಟ್ಟಿಗೆ ಹೋದ ಮೇಲಷ್ಟೇ ಆಸ್ಪತ್ರೆಗೆ ಬರುವುದು. ಫ್ಲೋರೋಸಿಸ್ ಮೂಳೆಯನ್ನು ಕೊರೆದು ನಾಳ ಅಗಲಿಸುವುದು ಕಠಿಣ ಕೆಲಸ, ಅನುಭವಿ ಕೈ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕೇಂದ್ರಗಳಲ್ಲಿ ಆಗಬೇಕಾದದ್ದು. ಬಹಳ ತಡವಾಗಿ ಹೋದವರಿಗೆ ಇರುವ ಬಲ ಉಳಿಯುತ್ತದೆಯೇ ಹೊರತು ಹೋದದ್ದು ಪೂರ್ತಿ ಮರಳುವುದು ವಿರಳ.

ಒಂದು ತುರ್ತು ಇದೆ, ಅದಕ್ಕೆ ಗಂಟೆಗಳ ಲೆಕ್ಕ. ಸೊಂಟದ ನರಗಳ ಗೊಂಚಲು ಒಟ್ಟಿಗೆ ಒತ್ತಿಕೊಂಡರೆ ಮೂತ್ರ ಕಟ್ಟುತ್ತದೆ ಅಥವಾ ತಿಳಿಯದೆ ಹೋಗುತ್ತದೆ, ಆಸನದ ಸುತ್ತ, ಗುಪ್ತಾಂಗದಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಎರಡೂ ಕಾಲು ಸೋಲುತ್ತವೆ. 48 ಗಂಟೆಯೊಳಗೆ ಒತ್ತಡ ಬಿಡಿಸಿದರೆ ಮೂತ್ರದ ಹಿಡಿತ ಮರಳುವ ಅವಕಾಶ ಚೆನ್ನಾಗಿರುತ್ತದೆ. ಕೊರಟಗೆರೆಯಿಂದ ತುಮಕೂರು ಮುಕ್ಕಾಲು ಗಂಟೆಯ ದಾರಿ. ಪಾವಗಡದಿಂದ ನೂರು ಕಿ.ಮೀ. ಹತ್ತಿರ, ಅಲ್ಲಿಂದ ಮುಂದೆ ಬೆಂಗಳೂರು. ನಾಚಿಕೆಯಿಂದ ಈ ಲಕ್ಷಣ ಹೇಳದೆ ಬಚ್ಚಿಡುವವರಲ್ಲಿ ಹೆಂಗಸರೇ ಹೆಚ್ಚು. ಸೊಂಟ ನೋವಿನ ಪ್ರತಿ ರೋಗಿಯನ್ನೂ, ಕೇಳುವವರು ಆಶಾ ಕಾರ್ಯಕರ್ತೆಯಾಗಿರಲಿ ವೈದ್ಯರಾಗಿರಲಿ, ಮೂತ್ರದ ಬಗ್ಗೆ ನೇರವಾಗಿ ಕೇಳಬೇಕು. ಹುಣಸೆ ಬಡಿಯುವಾಗ ಮರದಿಂದ ಬಿದ್ದವರ ವಿಷಯ ಬೇರೆಯೇ: ಅವರನ್ನು ತೋಳು ಕಾಲು ಹಿಡಿದು ಎತ್ತದೆ, ಕತ್ತು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ 108 ವಾಹನಕ್ಕೆ ಒಪ್ಪಿಸಬೇಕು.

ಡಿಸ್ಕಿನ ಆಪರೇಷನ್ ಆದವರು ಮರುದಿನವೇ ನಡೆಯಬಹುದು. ಹೊಲದ ಭಾರೀ ಕೆಲಸಕ್ಕೆ ಮೂರು ತಿಂಗಳಾದರೂ ಬೇಕು. ಜೋತುಬಿದ್ದ ಪಾದ ಏಳಲು ಇನ್ನೂ ಹೆಚ್ಚು ಕಾಲ ಹಿಡಿಯಬಹುದು, ಅಷ್ಟರವರೆಗೆ ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಕಟ್ಟಿಕೊಂಡು ನಡೆಯಬೇಕು. ಫ್ಲೋರೋಸಿಸ್‌ಗೆ ಆಪರೇಷನ್ ಆಗಿ ಊರಿಗೆ ಮರಳುವವರ ಬಿಡುಗಡೆ ಚೀಟಿಯಲ್ಲಿ ಔಷಧದ ಹೆಸರುಗಳ ಜೊತೆಗೆ ಮನೆಯ ನೀರನ್ನು ಪರೀಕ್ಷಿಸಿ ಬದಲಿಸಬೇಕೆಂಬ ಸೂಚನೆಯೂ ಇರಬೇಕು. ಅದೇ ಕೊಳವೆಬಾವಿಯ ನೀರನ್ನು ಮುಂದುವರಿಸಿದರೆ ಬಿಡಿಸಿದ ನಾಳದ ಮೇಲೂ ಕೆಳಗೂ ಮೂಳೆ ಮತ್ತೆ ಬೆಳೆಯುತ್ತದೆ.